ಅರಗಿನ ಬೊಟ್ಟು

ಜೂನ್ ೩

ಸೊಸೆಗೆ,

ನಿನ್ನ ಕಾಗದ ಬಂತು. ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಎರಡೂ ಇಳಿದ ಮೇಲೆ ಉತ್ತರ ಬರೆಯಲು ಕೂತಿದ್ದೇನೆ.

ತರಕಾರಿ ಕೆಡದಿರಲೆಂದು ತುಂಬಿ ಕುದಿಸಿದ ಗಾಜಿನ ಜಾಡಿಯನ್ನು ಹಂಡೆಯಿಂದ ತೆಗೆದು ಬಿಸಿಬಿಸಿಯಾಗಿ ತಣ್ಣನೆಯ ಕಲ್ಲಿನ ಮೇಲೆ ಇಟ್ಟೆಯಂತೆ, ಅದು ತಳ ಬಿಟ್ಟಿತಂತೆ. ತಳ ಬಿಡದೆ ನಿನಗೆ ಕೈಮುಗಿಯಬೇಕಿತ್ತೇ? ಎರಡನೆಯದನ್ನು ಕಂಠದವರೆಗೆ ತುಂಬಿದೆ. ಕುದಿಯುವಾಗ ಒಳಗಿನ ನೀರು ಉಕ್ಕಲು ಒಂದು ಬೆರಳಗಲ ಜಾಗ ಬಿಡಬೇಕೆಂಬುದೂ ತಿಳಿಯದೆ, ಮುಚ್ಚಳ ಕಚ್ಚಲಿಲ್ಲವೆಂದು ಅದರಡಿಯ ರಬ್ಬರ್ ಬಳೆಯ ಮೇಲೆ ದೂರು ಹೇಳುತ್ತೀಯೆ. ಮೂರನೆಯದರ ಮುಚ್ಚಳವನ್ನು ನನ್ನ ಮಗನಿಂದ ಬಲ ಹಾಕಿಸಿ ತಿರುಗಿಸಿದೆ. ಗಾಳಿಗೆ ಹೊರಹೋಗುವ ದಾರಿಯಿಲ್ಲದೆ ಜಾಡಿ ಸಿಡಿಯಿತು. ಚೂರು ತಾಗಿ ಅವನ ಹೆಬ್ಬೆರಳು ಕೊಯ್ದ ಸುದ್ದಿ ಕಾಗದದ ಕೊನೆಯ ಸಾಲಿನಲ್ಲಿದೆ. ಅದಕ್ಕೂ ಮೊದಲು ಜಾಡಿಗಳ ಬೆಲೆ ಬರೆದಿದ್ದೀಯೆ. ಅವನು ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುವವನು. ಬೆರಳು, ಕಣ್ಣು ಇವೆರಡನ್ನು ಬಿಟ್ಟರೆ ಅವನ ಹತ್ತಿರ ಬೇರೆ ಆಸ್ತಿಯಿಲ್ಲ. ನನ್ನ ಮನೆಯಿಂದ ಹೊರಟಾಗ ಎರಡೂ ನೆಟ್ಟಗಿದ್ದವು.

ಈ ಬೀದಿಯಲ್ಲಿ ನನ್ನ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಜಾಡಿಯಮ್ಮ ಅನ್ನುತ್ತಾರೆ. ಹೈಸ್ಕೂಲು ಮುಗಿಸಿ ಮದುವೆಯಾಗಿ ಬಂದ ವರ್ಷವೇ ನನ್ನತ್ತೆ ಈ ತಾಮ್ರದ ಹಂಡೆಯನ್ನು ನನ್ನ ಮುಂದೆ ನೂಕಿ, "ಓದಿದ್ದು ಸಾಕು, ಇದನ್ನು ಕಲಿ" ಅಂದರು. ಅಂದಿನಿಂದ ನನ್ನ ಉಗ್ರಾಣದ ಜಾಡಿ ತಿಂದು ಒಬ್ಬರಿಗೂ ಹೊಟ್ಟೆ ನುಲಿದಿಲ್ಲ.

ಹುರುಳಿಕಾಯಿ ಹೇಗೆ ಎಂದು ಕೇಳಿದ್ದೀಯೆ. ನಾರು ತೆಗೆದು, ಬೆರಳುದ್ದ ಮುರಿದು, ಉಪ್ಪುನೀರಿನಲ್ಲಿ ಮುಳುಗಿಸಿ, ಮುಚ್ಚಳ ಹಾಕಿ, ಜಾಡಿಯ ತಲೆ ಮುಳುಗುವಷ್ಟು ನೀರಿರುವ ಹಂಡೆಯಲ್ಲಿ ಮೂರು ಗಂಟೆ ಕುದಿಸಬೇಕು. ಆಮೇಲೆ ಚಳಿಗಾಲವೆಲ್ಲ ಇರುತ್ತದೆ. ಒಂದೊಂದು ಸಲ ತಿಂಗಳು ಕಳೆಯುವುದರೊಳಗೆ ತಗಡಿನ ಮುಚ್ಚಳ ಉಬ್ಬುತ್ತದೆ. ನಿನ್ನಂಥವರು ಆಗ ಹೌಹಾರಿ ಎಸೆದುಬಿಡುತ್ತಾರೆ. ಸಣ್ಣ ಆಣಿಯಿಂದ ಮುಚ್ಚಳಕ್ಕೆ ಒಂದು ತೂತು ಮಾಡು. ಬುಸ್ಸೆಂದು ಗಾಳಿ ಹೋಗುತ್ತದೆ. ಇನ್ನೊಂದು ಗಂಟೆ ಕುದಿಸಿ, ತೂತಿನ ಮೇಲೆ ಕೆಂಪು ಅರಗು ಕರಗಿಸಿ ಒಂದು ಬೊಟ್ಟು ಇಡು. ಮುಗಿಯಿತು. ಇದು ನಮ್ಮತ್ತೆಯ ಗುಟ್ಟು, ಈ ಮನೆಯ ಹೆಂಗಸರಿಗೆ ಮಾತ್ರ ಹೇಳುವುದು. ನೀನೂ ಈಗ ಈ ಮನೆಯವಳು ಎಂಬ ಕಾರಣಕ್ಕೆ ಹೇಳಿದ್ದೇನೆ, ನೀನು ನನಗೆ ಹಿಡಿಸಿದ್ದೀಯೆ ಎಂದಲ್ಲ.

ತಿನ್ನುವಾಗ ಜಾಡಿಯಿಂದ ನೇರ ಬಟ್ಟಲಿಗೆ. ಮತ್ತೆ ಒಲೆಗೆ ಇಡಬಾರದು. ಇಟ್ಟರೆ ಕಟ್ಟಿದವಳ ಕೈಯ ಮೇಲೆ ನಂಬಿಕೆಯಿಲ್ಲ ಎಂದರ್ಥ.

ನಿನ್ನ ಅತ್ತೆ


ಜೂನ್ ೨೪

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಬೈಗುಳವೆಲ್ಲ ತಲುಪಿತು. ಇವರು ಅದನ್ನು ಎರಡು ಸಲ ಓದಿಸಿಕೊಂಡು ನಕ್ಕರು. "ಅಮ್ಮ ಇಷ್ಟು ಬೈದಿದ್ದಾಳೆ ಅಂದ್ರೆ ಆರೋಗ್ಯ ಚೆನ್ನಾಗಿದೆ" ಅಂದರು. ಹೆಬ್ಬೆರಳು ವಾಸಿಯಾಗಿದೆ.

ಹೊಲಿಗೆ ಕೆಲಸ ಮುಗಿದ ಮೇಲೆ ವಾರಕ್ಕೊಂದು ಸಂಜೆ ಇಲ್ಲಿನ ಮಹಿಳಾ ಸಮಾಜದಲ್ಲಿ ಜಾಡಿ ಕಟ್ಟುವುದನ್ನು ಕಲಿಸುತ್ತಾರೆ. ಸೇರಿಕೊಂಡೆ. ಅಲ್ಲಿ ದೊಡ್ಡ ಪ್ರೆಷರ್ ಕುಕ್ಕರ್ ಇದೆ. ಮೊದಲ ದಿನವೇ ಒತ್ತಡ ಇಳಿಯುವುದರೊಳಗೆ ಅದರ ಮುಚ್ಚಳಕ್ಕೆ ಕೈಹಾಕಿ ಮಣಿಕಟ್ಟು ಸುಟ್ಟುಕೊಂಡೆ. ನಿಮಗೆ ನಗು ಬರಲಿ ಎಂದೇ ಬರೆದಿದ್ದೇನೆ.

ಅತ್ತೆ, ಒಂದು ಮಾತು ಹೇಳಬೇಕು. ಹೇಗೆ ಹೇಳಿದರೂ ನಿಮಗೆ ಕೋಪ ಬರುತ್ತದೆ, ಅದಕ್ಕೇ ನೇರ ಬರೆಯುತ್ತೇನೆ. ಟೀಚರು ಹೇಳಿದರು: "ಹುಳಿ ಇರೋ ಹಣ್ಣಿಗೆ ಹಂಡೆ ಸಾಕು. ಹುರುಳಿಕಾಯಿ, ಬಟಾಣಿ, ಜೋಳ, ಇವಕ್ಕೆ ಸಾಲಲ್ಲ ಕಣ್ರಮ್ಮ. ಮಣ್ಣಲ್ಲಿರೋ ಒಂದು ಕ್ರಿಮಿ, ಅದು ಕುದಿಯೋ ನೀರಿಗೂ ಜಗ್ಗಲ್ಲ. ಗಾಳಿ ಇಲ್ಲದ ಜಾಡಿ ಸಿಕ್ರೆ ಅದಕ್ಕೆ ಅರಮನೆ ಸಿಕ್ಕಂಗೆ. ಒಳಗೇ ವಿಷ ಮಾಡುತ್ತೆ. ಬಣ್ಣ ಕೆಡಬೇಕು ಅಂತಿಲ್ಲ, ವಾಸನೆ ಬರಬೇಕು ಅಂತಿಲ್ಲ. ಕುಕ್ಕರಿನ ಬಿಸಿಗೆ ಮಾತ್ರ ಸಾಯೋದು." ಉಬ್ಬಿದ ಮುಚ್ಚಳವನ್ನು ತೆರೆಯಲೇಬಾರದಂತೆ, ಹಾಗೆಯೇ ಹೂಳಬೇಕಂತೆ. ತಿಂದವರಿಗೆ ಜ್ವರ ಬರುವುದಿಲ್ಲವಂತೆ. ಬಾಯಿ ಒಣಗುತ್ತದೆ, ಒಂದು ಎರಡಾಗಿ ಕಾಣುತ್ತದೆ, ರೆಪ್ಪೆ ಇಳಿಬೀಳುತ್ತದೆ, ನಾಲಿಗೆ ದಪ್ಪಗಾಗಿ ಮಾತು ತೊದಲುತ್ತದೆ, ಕೊನೆಗೆ ಉಸಿರು.

ಅರಗಿನ ವಿಷಯ ಕೇಳಿದೆ. ಟೀಚರು ಕನ್ನಡಕ ತೆಗೆದು, "ಯಾರಮ್ಮ ನಿಂಗೆ ಇದನ್ನ ಹೇಳಿಕೊಟ್ಟಿದ್ದು?" ಅಂದರು. ಯಾರೋ ದೂರದವರು ಎಂದೆ. "ಇಷ್ಟು ವರ್ಷ ಏನೂ ಆಗಿಲ್ಲ ಅಂದ್ರೆ ಅದು ಅವರ ಅದೃಷ್ಟ, ವಿದ್ಯೆ ಅಲ್ಲ" ಅಂದರು.

ನಿಮ್ಮ ಹಣ್ಣಿನ ಜಾಡಿಗಳ ಬಗ್ಗೆ ಯಾರಿಗೂ ಮಾತಿಲ್ಲ. ಹುರುಳಿಕಾಯಿಯನ್ನು ಮಾತ್ರ, ತಿನ್ನುವ ಮೊದಲು ಬಾಣಲೆಯಲ್ಲಿ ಹತ್ತು ನಿಮಿಷವಾದರೂ ಚೆನ್ನಾಗಿ ಕುದಿಸಿ. ಅರಗಿಟ್ಟವನ್ನು ಕುದಿಸಿಯೂ ತಿನ್ನಬೇಡಿ. ಅಲ್ಲಿ ನೀವು ಒಬ್ಬರೇ ಇದ್ದೀರಿ. ನಮಗೆ ಭಯವಾಗುತ್ತದೆ.

ನಿಮ್ಮ ಸೊಸೆ


ಜುಲೈ ೮

ಸೊಸೆಗೆ,

ಮಣಿಕಟ್ಟು ಸುಟ್ಟದ್ದು ಓದಿದೆ. ನಗು ಬಂತು. ನಿನ್ನ ಇಷ್ಟ ನೆರವೇರಿತು.

ಮನೆಯ ಹೆಂಗಸರಿಗೆ ಮಾತ್ರ ಎಂದು ಹೇಳಿದ ಗುಟ್ಟನ್ನು ಬೀದಿಯ ತರಗತಿಯಲ್ಲಿ ಬಿಚ್ಚಿದೆ. ನನ್ನನ್ನು ದೂರದವರು ಎಂದೆ. ನಿನ್ನ ಕಾಗದದಲ್ಲಿ ನಿಜವಾದ ಮಾತು ಅದೊಂದೇ. ಇನ್ನು ಮುಂದೆ ಹಾಗೆಯೇ ಇರೋಣ.

ನನ್ನ ಗಂಡ, ನನ್ನತ್ತೆ, ನನ್ನ ಮಗ, ಎದುರು ಮನೆಯ ಕಮ್ಮಾರನ ಸಂಸಾರ, ಇವರೆಲ್ಲ ನನ್ನ ಜಾಡಿಯ ಹುರುಳಿಕಾಯಿ ತಿಂದು ಬದುಕಿದರು. ನಿನ್ನ ಟೀಚರಮ್ಮನ ಲೆಕ್ಕದಲ್ಲಿ ಅವರೆಲ್ಲ ಅದೃಷ್ಟದ ಮೇಲೆ ಉಸಿರಾಡಿದರು. ನನ್ನ ಕೈಗೆ ಅದರಲ್ಲಿ ಪಾಲಿಲ್ಲ. ಇನ್ನೂ ಒಂದು ಜಾಡಿ ನೆಟ್ಟಗೆ ಮುಚ್ಚಲು ಬಾರದವಳು ನನಗೆ ಪಾಠ ಹೇಳುವ ಕಾಲ ಬಂತು. ನಿನಗೆ ಮಕ್ಕಳಾಗಿಲ್ಲವಲ್ಲ, ಹೇಳಲು ಬೇರೆ ಯಾರೂ ಇಲ್ಲ ಎಂದುಕೊಂಡು ಸುಮ್ಮನಿದ್ದೇನೆ.

ಲಾರಿಯವನ ಕೈಲಿ ಆರು ಜಾಡಿ ಹುರುಳಿಕಾಯಿ ಕಳಿಸಿದ್ದೇನೆ. ಎರಡರ ಮೇಲೆ ಅರಗಿದೆ. ಬೇಕೆಂದೇ ಆರಿಸಿ ಇಟ್ಟೆ. ತಣ್ಣಗೆ, ಮೇಲೆ ಒಂದಿಷ್ಟು ನಿಂಬೆರಸ ಹಿಂಡಿ ತಿನ್ನಿ. ನನ್ನ ಮಗನಿಗೆ ಬಟ್ಟಲು ತುಂಬ ಹಾಕು. ತಿಂದದ್ದು ಕಾಗದದಲ್ಲಿ ಬರಲಿ.

ನಿನ್ನ ಗಂಡನ ತಾಯಿ


ಆಗಸ್ಟ್ ೨

ಅತ್ತೆಯವರಿಗೆ ನಮಸ್ಕಾರ.

ಆರು ಜಾಡಿಗಳೂ ತಲುಪಿದವು. ಒಂದೂ ಒಡೆದಿರಲಿಲ್ಲ. ಅಷ್ಟು ದೂರ ಹುಲ್ಲು ಸುತ್ತಿ ಜೋಪಾನವಾಗಿ ಕಳಿಸಿದ್ದಕ್ಕೆ ವಂದನೆಗಳು.

ನಿಮ್ಮ ಸೊಸೆ


ಆಗಸ್ಟ್ ೨೧

ಸೊಸೆಗೆ,

ಖಾಲಿ ಪೆಟ್ಟಿಗೆ ವಾಪಸು ಕೊಡಲು ಲಾರಿಯವನು ನಿನ್ನೆ ಬಂದಿದ್ದ. ಜಾಡಿ ತಲುಪಿಸಿದ ದಿನ ನಿಮ್ಮ ಹಿತ್ತಲಲ್ಲಿ ಲಾರಿಗೆ ನೀರು ಹಿಡಿಯುತ್ತ ಅವನು ಅಲ್ಲೇ ಇದ್ದನಂತೆ. ನೀನು ನೋಡಿರಲಿಲ್ಲ ಅಂತ ಕಾಣುತ್ತದೆ.

"ಅಮ್ಮಾ, ನಿಮ್ಮ ಸೊಸೆ ಗುಂಡಿ ತೋಡಿ ಅಷ್ಟೂ ಹೂತುಬಿಟ್ರು. ಮುಚ್ಚಳ ಕೂಡ ತೆಗೀಲಿಲ್ಲ. ಮೂಗಿಗೆ ಬಟ್ಟೆ ಬೇರೆ ಕಟ್ಕೊಂಡಿದ್ರು, ಹೆಣ ಹೂಳೋರ ಹಂಗೆ."

ಇದನ್ನು ಅವನು ಒಳಗೆ ಬಂದು ಹೇಳಲಿಲ್ಲ. ಬೀದಿಯ ನಲ್ಲಿಯ ಮುಂದೆ ನಿಂತು ಹೇಳಿದ. ಕಮ್ಮಾರನ ಹೆಂಡತಿ ಕೊಡ ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸದೆ ಕೇಳಿಸಿಕೊಂಡಳು. "ಹೌದಾ ಜಾಡಿಯಮ್ಮ, ಹೂತುಬಿಟ್ಟಳಾ? ಪಾಪ, ನಾಯಿಗಾದ್ರೂ ಹಾಕಬಹುದಿತ್ತು" ಅಂದಳು. ಇವತ್ತು ಬೆಳಿಗ್ಗೆ ಅವಳ ಮಗಳು, ನಾನು ಹಿಂದಿನ ವಾರ ಕೊಟ್ಟಿದ್ದ ಜಾಡಿಯನ್ನು ವಾಪಸು ತಂದು ಮೆಟ್ಟಿಲ ಮೇಲೆ ಇಟ್ಟು ಓಡಿಹೋದಳು.

ನನ್ನ ಮಗನಿಗೆ ಇದು ಗೊತ್ತಿತ್ತೇ ಎಂದು ನಿನ್ನನ್ನು ಕೇಳುವುದಿಲ್ಲ. ಅವನನ್ನೇ ಕೇಳುತ್ತೇನೆ. ಸೆಪ್ಟೆಂಬರ್ ಮೊದಲ ರಜೆಗೆ ಅವನನ್ನು ಇಲ್ಲಿಗೆ ಕಳಿಸು. ಒಬ್ಬನೇ ಬರಲಿ. ಅವನು ನನ್ನ ಕಣ್ಣ ಮುಂದೆ ಕೂತು, ನಾನು ಬಡಿಸಿದ್ದನ್ನು ತಿಂದು ಹೋಗಲಿ. ಬರದಿದ್ದರೆ ನನಗೆ ಮಗನೂ ಇಲ್ಲ, ನಾಳೆ ನನ್ನನ್ನು ಹೂಳಲು ಬಾ ಎಂದು ನಾನು ಯಾರನ್ನೂ ಕರೆಯುವುದೂ ಇಲ್ಲ. ಈ ಸಾಲನ್ನು ಅವನಿಗೆ ಓದಿ ಹೇಳು.

ಜಾಡಿಯಮ್ಮ


ಸೆಪ್ಟೆಂಬರ್ ೧೧, ತಂತಿ

ಅವರಿಗೆ ತುಂಬಾ ಕಾಯಿಲೆ. ಆಸ್ಪತ್ರೆಯಲ್ಲಿದ್ದಾರೆ. ಎರಡೆರಡು ಕಾಣುತ್ತಿದೆ. ನುಂಗಲಾಗುತ್ತಿಲ್ಲ. ನಿಮ್ಮಲ್ಲಿ ಏನು ತಿಂದರು ಡಾಕ್ಟರು ಕೇಳುತ್ತಿದ್ದಾರೆ. ತಕ್ಷಣ ತಿಳಿಸಿ. ಸೊಸೆ


ಸೆಪ್ಟೆಂಬರ್ ೧೧, ತಂತಿ

ಮನೆ ಊಟ. ದೋಷವಿಲ್ಲ. ದಾರಿಯಲ್ಲಿ ಏನೋ ತಿಂದಿರಬೇಕು. ತಾಯಿ


ಸೆಪ್ಟೆಂಬರ್ ೧೫

ಸೊಸೆಗೆ,

ಮೂರು ತಂತಿ ಕಳಿಸಿದ್ದೀಯೆ. ಮೂರರಲ್ಲೂ ಒಂದೇ ಪ್ರಶ್ನೆ. ಹುರುಳಿಕಾಯಿಯೇ ಎಂದು ನೇರ ಕೇಳುವ ಧೈರ್ಯವನ್ನು ಮೂರನೆಯದರಲ್ಲಿ ಮಾಡಿದ್ದೀಯೆ. ತಂತಿಯಾಳು ಅದನ್ನು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿ ಕೊಟ್ಟ. ಎದುರು ಮನೆಯ ಕಿಟಕಿ ತೆರೆದೇ ಇತ್ತು. ನಾನು ಏನು ಉತ್ತರ ಕೊಡಬೇಕಿತ್ತು? ಇಡೀ ಬೀದಿಯ ಮುಂದೆ ನನ್ನ ಉಗ್ರಾಣಕ್ಕೆ ನಾನೇ ಬೆಂಕಿ ಹಾಕಿಕೊಳ್ಳಬೇಕಿತ್ತೇ?

ತಾಯಿ ಮಗನಿಗೆ ಏನು ಹಾಕುತ್ತಾಳೋ ಅದನ್ನು ಹಾಕಿದೆ. ಇಲ್ಲಿಂದ ಹೊರಟಾಗ ಅವನ ಕಾಲು ನೆಟ್ಟಗಿತ್ತು, ಮಾತು ನೆಟ್ಟಗಿತ್ತು. ಬಟ್ಟಲಿನ ತಳ ಕಾಣುವವರೆಗೆ ತಿಂದ. ನನಗೆಂದು ಎತ್ತಿಡಲು ಹೋದರೆ ಕೈ ಹಿಡಿದು, "ಅದನ್ನೂ ನಂಗೇ ಹಾಕಮ್ಮ" ಎಂದು ಕಸಿದುಕೊಂಡ. ಒಂದು ಕಾಯಿ ಉಳಿಸಲಿಲ್ಲ. ನಿನ್ನ ಕೈಯಡುಗೆಯನ್ನು ಯಾವತ್ತಾದರೂ ಹಾಗೆ ತಿಂದಿದ್ದಾನೆಯೇ?

ಅಚ್ಚುಕೂಟದ ಸೀಸದ ಗಾಳಿ, ಬಸ್ ನಿಲ್ದಾಣದ ಹೋಟೆಲು, ನಿನ್ನ ಕುಕ್ಕರು, ಇವೆಲ್ಲ ಇರುವಾಗ ಡಾಕ್ಟರು ನನ್ನ ಬಟ್ಟಲಿಗೆ ಯಾಕೆ ಕೈಹಾಕುತ್ತಾರೆ? ನೀನು ಹೇಳಿಕೊಟ್ಟಿರಬೇಕು.

ಕರೆದರೆ ಬರುತ್ತೇನೆ. ಕರೆಯದೆ ಬರುವವಳು ನಾನಲ್ಲ.

ಅವನ ತಾಯಿ


ಅಕ್ಟೋಬರ್ ೨೮

ಅತ್ತೆಯವರಿಗೆ,

ಅವರು ಬದುಕಿದ್ದಾರೆ. ಇದನ್ನು ನಿಮಗೆ ತಿಳಿಸದೆಯೂ ಇರಬಹುದಿತ್ತು. ಆದರೆ ಕೇಳಿದ್ದಕ್ಕೆ ಉತ್ತರ ಬಚ್ಚಿಡುವುದನ್ನು ನಾನು ನಿಮ್ಮಿಂದ ಕಲಿಯಲಿಲ್ಲ. ನೀವು ಕಲಿಸಿದ್ದೆಲ್ಲ ನನ್ನ ತಲೆಗೆ ಹತ್ತುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ.

ಮೊದಲ ದಿನವೇ ನಾನು ಡಾಕ್ಟರಿಗೆ ಹೇಳಿದೆ, ಜಾಡಿಯ ಹುರುಳಿಕಾಯಿ ತಿಂದಿರಬಹುದು ಎಂದು. ಆಗ ನಿಮ್ಮ ಮಗನಿಗೆ ಇನ್ನೂ ತೊದಲು ಮಾತು ಬರುತ್ತಿತ್ತು. ಡಾಕ್ಟರು ಅವರನ್ನು ಕೇಳಿದರು. ಇಲ್ಲ, ತಿಂದಿಲ್ಲ ಎಂದು ತಲೆಯಾಡಿಸಿದರು. ಆಮೇಲೆ ನಿಮ್ಮ ತಂತಿ ಬಂತು. ರೋಗಿಯೂ ಇಲ್ಲ ಅನ್ನುತ್ತಾನೆ, ತಾಯಿಯೂ ಇಲ್ಲ ಅನ್ನುತ್ತಾಳೆ, ಅತ್ತೆಯ ಮೇಲೆ ಸೊಸೆಯ ಸಂಶಯಕ್ಕೆ ಯಾವ ಬೆಲೆ? ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮನೆ ಜಗಳನ ಆಸ್ಪತ್ರೆಗೆ ತರಬೇಡಿ ತಾಯಿ" ಅಂದರು. ಮೆದುಳಿನ ಕಾಯಿಲೆ ಎಂದು ಔಷಧಿ ಕೊಟ್ಟರು. ಆ ವಿಷವನ್ನು ತಡೆಯುವ ಚುಚ್ಚುಮದ್ದು ಒಂದಿದೆ. ಬೇಗ ಕೊಟ್ಟರೆ ರೋಗ ಬಂದಲ್ಲಿಗೇ ನಿಲ್ಲುತ್ತದೆಯಂತೆ. ಕೈಕಾಲು ಬಿದ್ದುಹೋದ ಮೇಲೆ ಡಾಕ್ಟರಿಗೂ ಸಂಶಯ ಬಂದು ಅದನ್ನು ತರಿಸುವಷ್ಟರಲ್ಲಿ ಉಸಿರು ನಿಂತು, ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟು, ಯಂತ್ರಕ್ಕೆ ಕಟ್ಟಿದ್ದರು. ನಿಮ್ಮಿಂದ ಕೇಳಿದ್ದು ಒಂದು ಪದ ಮಾತ್ರ. ತಂತಿಯಲ್ಲಿ ಅದಕ್ಕೆ ಜಾಗವಿತ್ತು.

ರೆಪ್ಪೆ ತಾನಾಗಿ ಏಳುವುದಿಲ್ಲ. ನಾನು ಬಂದಾಗ ನರ್ಸು ಅಂಟುಪಟ್ಟಿ ಹಚ್ಚಿ ಎತ್ತಿ ನಿಲ್ಲಿಸುತ್ತಾಳೆ, ನನ್ನನ್ನು ನೋಡಲಿ ಎಂದು. ಅವರಿಗೆ ಇಬ್ಬರು ನಾನು ಕಾಣುತ್ತೇನಂತೆ. ಅಚ್ಚುಕೂಟದವರು ಅವರ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡಿದ್ದಾರೆ. ಒಂದಕ್ಷರ ಎರಡಾಗಿ ಕಾಣುವವನು ಅಲ್ಲಿ ಏನು ಮಾಡಲು ಸಾಧ್ಯ?

ಹೋದ ವಾರ ಬಲಗೈ ಬೆರಳು ಅಲ್ಲಾಡಿದವು. ಸ್ಲೇಟು ಕೊಟ್ಟೆವು. ನಾನು ಕೇಳಿದೆ, ಅಲ್ಲಿ ತಿಂದದ್ದೇನು? "ಹುರುಳಿಕಾಯಿ" ಎಂದು ಬರೆದರು. ಅರಗಿತ್ತೇ? "ಇತ್ತು. ವಾಸನೆನೂ ಇತ್ತು." ಮತ್ತೆ ಯಾಕೆ ತಿಂದಿರಿ? "ಅಮ್ಮ ನೋಡ್ತಿದ್ಳು." ಅಷ್ಟನ್ನೂ ಯಾಕೆ ತಿಂದಿರಿ? ಇದಕ್ಕೆ ತುಂಬ ಹೊತ್ತು ಹಿಡಿಯಿತು. ಅಕ್ಷರ ಒಂದರ ಮೇಲೊಂದು ಬಿದ್ದವು. "ಉಳಿದ್ರೆ ಅವಳು ತಿಂತಿದ್ಳು."

ನಿಮ್ಮ ಕೈರುಚಿಗೆ ಕಸಿದುಕೊಂಡು ತಿಂದನೆಂದು ಬರೆದಿದ್ದಿರಲ್ಲ, ಅದಕ್ಕೆ ಇದನ್ನು ಬರೆದೆ.

ಕೊನೆಗೆ ಸ್ಲೇಟು ಒರೆಸಿ, "ಅಮ್ಮನಿಗೆ ಹೇಳಬೇಡ" ಎಂದು ಬರೆದರು. ಹೇಳುವುದಿಲ್ಲವೆಂದು ಅವರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಮನೆಗೆ ಬಂದು ಈ ಕಾಗದ ಬರೆಯುತ್ತಿದ್ದೇನೆ.

ಈಗ ನೀವು ಉತ್ತರ ಕೊಡಿ. ಆ ಮುಚ್ಚಳದ ಮೇಲೆ ಅರಗಿನ ಬೊಟ್ಟು ಇತ್ತೇ, ಇಲ್ಲವೇ? ಡಾಕ್ಟರಿಗೆ ಇನ್ನು ಅದು ಬೇಕಿಲ್ಲ. ನನಗೆ ಬೇಕು, ನಿಮ್ಮ ಕೈಬರಹದಲ್ಲಿ. ಅದು ಬರುವವರೆಗೆ ನೀವು ಇಲ್ಲಿಗೆ ಬರಬೇಡಿ. ಬಂದರೂ ಆಸ್ಪತ್ರೆಯ ಬಾಗಿಲಲ್ಲಿ ನಾನು ಕೂತಿರುತ್ತೇನೆ.

ನಿಮ್ಮ ಮಗನ ಹೆಂಡತಿ


ನವೆಂಬರ್ ೧೭

ಸೊಸೆಗೆ,

ಉತ್ತರ ತಡವಾಯಿತು. ಯೋಚನೆ ಮಾಡಲು ಅಲ್ಲ, ಸಾಕ್ಷಿ ಮಾಡಲು.

ನೀನು ಕೇಳಿದ್ದು ಅರಗಿನ ಬೊಟ್ಟು. ಕೇಳಿಸಿಕೋ. ಜುಲೈನಲ್ಲಿ ಒಂದೇ ದಿನ, ಒಂದೇ ಬುಟ್ಟಿಯ ಕಾಯಿ, ಒಂದೇ ಹಂಡೆ. ಅದರಲ್ಲಿ ಎರಡು ಜಾಡಿಯ ಮುಚ್ಚಳ ಉಬ್ಬಿತು. ಎರಡಕ್ಕೂ ಆಣಿ ಹೊಡೆದೆ, ಎರಡಕ್ಕೂ ಅರಗಿಟ್ಟೆ, ಉಗ್ರಾಣದ ಕೆಳಗಿನ ಹಲಗೆಯಲ್ಲಿ ಅಕ್ಕಪಕ್ಕ ಇಟ್ಟೆ. ಒಂದನ್ನು ಅವನಿಗೆ ಬಡಿಸಿದೆ. ಇನ್ನೊಂದು ಉಳಿದಿತ್ತು. ಅವನು ಅದನ್ನು ನೋಡಿರಲಿಲ್ಲ. ನೋಡಿದ್ದರೆ ಅದನ್ನೂ ಕೇಳುತ್ತಿದ್ದನೋ ಏನೋ.

ಭಾನುವಾರ ಮಧ್ಯಾಹ್ನ ಅದನ್ನು ತೆಗೆದೆ. ಅವನು ಕೂತ ಜಾಗದಲ್ಲೇ ಕೂತೆ, ಅವನು ತಿಂದ ಬಟ್ಟಲಲ್ಲೇ ಹಾಕಿಕೊಂಡೆ. ಒಲೆಗೆ ಇಡಲಿಲ್ಲ. ವಾಸನೆ ಇತ್ತೇ ಎಂದು ನೀನು ಕೇಳುತ್ತೀಯೆ. ನನ್ನ ಮೂಗಿಗೆ ಏನೂ ಬರಲಿಲ್ಲ. ಬಂದದ್ದು ನಿಂಬೆಹಣ್ಣಿನದು. ಬಾಗಿಲು ಪೂರ್ತಿ ತೆರೆದಿಟ್ಟಿದ್ದೆ, ಎದುರು ಮನೆಯವಳಿಗೆ ಚೆನ್ನಾಗಿ ಕಾಣಲಿ ಎಂದು. ಅವಳು ಕಸಬರಿಗೆ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. "ಜಾಡಿಯಮ್ಮ, ಬೇಡ ಬಿಡ್ರೀ, ಯಾರ ಮೇಲಿನ ಸಿಟ್ಟಿಗೆ ಇದೆಲ್ಲ?" ಅಂದಳು. ತಳ ಕಾಣುವವರೆಗೆ ತಿಂದೆ. ಯಾರಿಗೂ ಒಂದು ಕಾಯಿ ಉಳಿಸಲಿಲ್ಲ.

ಇವತ್ತು ಮಂಗಳವಾರ. ನನಗೆ ಏನೂ ಆಗಿಲ್ಲ. ನೋಡು, ನೆಟ್ಟಗೆ ಕೂತು ಬರೆಯುತ್ತಿದ್ದೇನೆ.

ಅಕ್ಷರ ಸಾಲು ಬಿಟ್ಟು ಹೋಗುತ್ತಿದ್ದರೆ ಅದು ಈ ಕನ್ನಡಕದ ದೋಷ, ಬದಲಾಯಿಸಬೇಕೆಂದು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ನೀರು ಎಷ್ಟು ಕುಡಿದರೂ ಬಾಯಿ ಒಣಗುತ್ತಿದೆ. ಚಳಿಗಾಲದ ಗಾಳಿ ಹಾಗೆಯೇ. ಬೆಳಿಗ್ಗೆ ಅಂಚೆಯವನ ಹತ್ತಿರ ಲಕೋಟೆ ಕೇಳಿದರೆ ಮೂರು ಸಲ "ಏನಂದ್ರಿ, ಏನಂದ್ರಿ" ಅಂದ. ಅವನಿಗೆ ಮೊದಲಿನಿಂದಲೂ ಕಿವಿ ಮಂದ. ಎಡಗಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದ ಮೇಲೆ ನಿದ್ದೆ ನೆಟ್ಟಗಿಲ್ಲ, ಅಷ್ಟೇ.

ಡಾಕ್ಟರಿಗೆ ತಂತಿ ಕೊಡುವ ಕೆಲಸ ಯಾರೂ ಮಾಡಬಾರದು. ಕಮ್ಮಾರನ ಹೆಂಡತಿ ಎರಡು ಸಲ ಬಾಗಿಲು ತಟ್ಟಿದಳು. ತೆಗೆಯಲಿಲ್ಲ. ಈ ಕಾಗದವನ್ನು ಅವಳ ಮಗಳ ಕೈಲಿ ಕಿಟಕಿಯಿಂದ ಕೊಟ್ಟು ಕಳಿಸುತ್ತೇನೆ.

ಅವನಿಗೆ ಹೇಳು, ಅಮ್ಮನೂ ತಿಂದಳು, ಚೆನ್ನಾಗಿತ್ತು ಎಂದು. ಬೇರೆ ಏನೂ ಹೇಳಬೇಡ. ನೀನು ಮಾತು ಉಳಿಸಿಕೊಳ್ಳುವವಳಲ್ಲ, ಆದರೂ ಉಳಿದದ್ದನ್ನು ಹೇಳಬೇಡ ಎಂದು ಕೇಳುತ್ತಿದ್ದೇನೆ. ನಾನು ನಿನ್ನನ್ನು ಏನನ್ನೂ ಕೇಳಿದವಳಲ್ಲ.

ಮುಚ್ಚಳವನ್ನು ತೊಳೆದು, ಒರೆಸಿ, ಈ ಲಕೋಟೆಯಲ್ಲೇ ಇಡುತ್ತಿದ್ದೇನೆ. ಕೈಬರಹಕ್ಕಿಂತ ಅದು ದೊಡ್ಡ ಉತ್ತರ. ಒಂದು ವಿಷಯ ಮಾತ್ರ ನನಗೆ ಅರ್ಥವಾಗುತ್ತಿಲ್ಲ. ನಾನು ಅದರ ಮೇಲೆ ಇಟ್ಟದ್ದು ಒಂದೇ ಬೊಟ್ಟು. ಈಗ ಬೆಳಕಿಗೆ ಹಿಡಿದು ನೋಡಿದರೆ ಎರಡಿವೆ, ಅಕ್ಕಪಕ್ಕ, ಒಂದೇ ಅಳತೆಯವು. ಯಾರೋ ನನ್ನ ಉಗ್ರಾಣಕ್ಕೆ ಕೈಹಾಕಿದ್ದಾರೆ. ಎರಡನೆಯದು ನನ್ನ ಕೈಯದಲ್ಲ.

ನಿನ್ನ ಅತ್ತೆ